ಕೊರಳಿನಲ್ಲಿ ಉಳಿದ ಮಿಡಿತ

ನನ್ನ ಸೋದರತ್ತೆಯನ್ನು ಇಳಕಲ್ಲಿನ ನಮ್ಮ ಮನೆಯ ನಡುಮನೆಯಲ್ಲಿ ಗೋಡೆಗೆ ಆನಿಸಿ ಕೂಡಿಸಿದ್ದರು. ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಕುಳಿತ ಹಾಗೆಯೇ ಮಣ್ಣಿಗೆ ಇಳಿಸುತ್ತಾರೆ. ಹಣೆಗೂ ತೋಳಿಗೂ ವಿಭೂತಿ ಬಳಿದಾಗಿತ್ತು. ಹಿತ್ತಲಲ್ಲಿ ಸ್ನಾನದ ನೀರು ಕಾಯುತ್ತಿತ್ತು. ಗುಂಡಿ ತೆಗೆಯಲು ಓಣಿಯ ಗಂಡಸರು ಸಲಿಕೆ ಹಿಡಿದು ಊರ ಹೊರಗೆ ಹೋಗಿಯಾಗಿತ್ತು.

ಆಕೆ ಸತ್ತಿರಲಿಲ್ಲ.

ಇದು ನಡೆದು ಐವತ್ತು ವರ್ಷ ದಾಟಿದೆ. ಈಗಲೂ ವಾರಕ್ಕೊಮ್ಮೆಯಾದರೂ ಆ ಮಧ್ಯಾಹ್ನ ಕಣ್ಣ ಮುಂದೆ ಬರುತ್ತದೆ. ಪ್ರತಿಸಲವೂ ನಾನು ಬೇರೆ ಕಡೆ ನೋಡುತ್ತಿರುತ್ತೇನೆ, ಅಥವಾ ಆ ದಿನ ಹುನಗುಂದದಿಂದ ಬಂದೇ ಇರುವುದಿಲ್ಲ, ಎಲ್ಲ ಪದ್ಧತಿಯ ಪ್ರಕಾರ ನಡೆದುಹೋಗುತ್ತದೆ. ನಿಜಕ್ಕೂ ಆದದ್ದು ಹಾಗಲ್ಲ ಎಂದು ನನಗೆ ನಾನೇ ಹೇಳಿಕೊಳ್ಳಬೇಕಾಗುತ್ತದೆ. ಆದ್ದರಿಂದ ಆದದ್ದನ್ನು ಆದ ಕ್ರಮದಲ್ಲೇ ಬರೆಯುತ್ತೇನೆ.

ಮೊದಲು ಕಪ್ಪೆಯ ಸಂಗತಿ ಹೇಳಬೇಕು. ಮುಂಬಯಿಯಲ್ಲಿ ಕಾಲೇಜು ಓದುವಾಗ ನಾನು ಜೀವಶಾಸ್ತ್ರ ತೆಗೆದುಕೊಂಡಿದ್ದೆ. ನೇಕಾರರ ಮನೆಯಿಂದ ಹೋದವನಿಗೆ ಅದೇಕೆ ಬೇಕಾಯಿತು ಎಂದು ಕೇಳಿದರೆ ಸರಿಯಾದ ಉತ್ತರವಿಲ್ಲ. ಆ ತರಗತಿಯಲ್ಲಿ ಗದ್ದಲ ಕಡಿಮೆ ಇತ್ತು, ಕಿಟಕಿಯಿಂದ ಸಮುದ್ರ ಕಾಣುತ್ತಿತ್ತು. ಒಂದು ದಿನ ಪ್ರೊಫೆಸರು ಕಪ್ಪೆಯ ಹೃದಯವನ್ನು ಹೊರತೆಗೆದು ಉಪ್ಪುನೀರಿನ ಬಟ್ಟಲಿನಲ್ಲಿ ಇಟ್ಟರು. ದೇಹವಿಲ್ಲದೆ, ನರವಿಲ್ಲದೆ ಅದು ತನ್ನ ಪಾಡಿಗೆ ಬಡಿಯುತ್ತಲೇ ಇತ್ತು. ಹೊರಗಿನಿಂದ ಯಾರೂ ಅದಕ್ಕೆ ಅಪ್ಪಣೆ ಕೊಡುವುದಿಲ್ಲ, ಅಪ್ಪಣೆ ಹುಟ್ಟುವುದು ಹೃದಯದ ಒಳಗೇ ಎಂದು ತೋರಿಸುವುದು ಅವರ ಉದ್ದೇಶವಾಗಿತ್ತು. ರಕ್ತ ಬಂದು ಸೇರುವ ಮೇಲಿನ ಚೀಲದಲ್ಲಿ ಮೊದಲು ಸಣ್ಣದೊಂದು ವಿದ್ಯುತ್ತು ಏಳುತ್ತದೆ, ಅದು ಕೆಳಕ್ಕೆ ಹರಿದುಬರುತ್ತದೆ, ಹರಿದ ಕಡೆಯಲ್ಲೆಲ್ಲ ಮಾಂಸ ಮುದುಡುತ್ತದೆ. ಮನುಷ್ಯನ ಹೃದಯದಲ್ಲಿಯೂ ಅಂಥದೇ ಒಂದು ಚಿಕ್ಕ ಗಂಟು ಈಚೆಗೆ ಸಿಕ್ಕಿದೆ ಎಂದು ಅವರು ಹೇಳಿದರು. ಬಲಗಡೆಯ ಮೇಲಿನ ಕೋಣೆಗೆ ದೊಡ್ಡ ರಕ್ತನಾಳ ಬಂದು ಕೂಡುವ ಮೂಲೆಯಲ್ಲಿ ಅದು ಇದೆಯಂತೆ. ಯುರೋಪಿನಲ್ಲಿ ಯಾರೋ ಕೂದಲಿಗಿಂತ ಸಣ್ಣ ಎಳೆಯೊಂದನ್ನು ಎರಡು ಅಯಸ್ಕಾಂತಗಳ ನಡುವೆ ತೂಗುಬಿಟ್ಟು, ಅದರ ಅಲುಗಾಟದಿಂದ ಈ ವಿದ್ಯುತ್ತಿನ ಚಿತ್ರ ತೆಗೆಯುತ್ತಿದ್ದಾರಂತೆ.

ಆಮೇಲೆ ಆ ಮೇಲಿನ ಚೀಲಕ್ಕೂ ಉಳಿದ ಹೃದಯಕ್ಕೂ ನಡುವೆ ದಾರ ಬಿಗಿಯಬೇಕಾಗಿತ್ತು. ಜೊತೆಗಿದ್ದ ಧಾರವಾಡದ ಹುಡುಗ ನನ್ನ ಬೆನ್ನು ತಿವಿದ.

"ನೇಕಾರ ನೀನ ಅಲ್ಲೇನಲೇ? ಗಂಟ ನೀನ ಹಾಕು. ನಾವು ಹಾಕಿದರ ಕಪ್ಪಿ ಇನ್ನೊಮ್ಮಿ ಸಾಯಬೇಕಾಗತೈತಿ."

ಗಂಟು ನಾನೇ ಹಾಕಿದೆ. ಬಿಗಿದ ಕೂಡಲೇ ದಾರದ ಕೆಳಗಿನ ಭಾಗ ನಿಂತಿತು. ಮೇಲಿನ ಚೀಲ ಮಾತ್ರ ಏನೂ ಆಗಿಲ್ಲವೆಂಬಂತೆ ಮಿಡಿಯುತ್ತಿತ್ತು. ಸತ್ತಿತು ಎಂದು ನಾವು ಅಂದುಕೊಂಡೆವು. ಪ್ರೊಫೆಸರು ಕೈ ಎತ್ತಿ ಸುಮ್ಮನಿರಿ ಎಂದರು. ಬಹಳ ಹೊತ್ತಿನ ಮೇಲೆ ಕೆಳಗಿನ ಭಾಗ ಒಮ್ಮೆ ಮುದುಡಿತು. ಮತ್ತೆ ಸುಮ್ಮನಾಯಿತು. ಮತ್ತೊಮ್ಮೆ ಮುದುಡಿತು. ಮೇಲಿನದರ ಜೊತೆ ಅದಕ್ಕೆ ಈಗ ಯಾವ ಸಂಬಂಧವೂ ಇರಲಿಲ್ಲ. ತನ್ನದೇ ನಿಧಾನವಾದ ಬೇರೆ ಲಯದಲ್ಲಿ ಅದು ನಡೆಯತೊಡಗಿತ್ತು. ನಾವು ಟಿಪ್ಪಣಿ ಬರೆದುಕೊಂಡು ಊಟಕ್ಕೆ ಹೋದೆವು.

ಓದು ಮುಗಿಸಿ ನಾನು ಹುನಗುಂದದಲ್ಲಿ ಶಾಲಾ ಮಾಸ್ತರನಾದೆ. ರಜೆ ಸಿಕ್ಕಾಗ ಇಳಕಲ್ಲಿಗೆ ಬರುತ್ತಿದ್ದೆ. ತಂದೆತಾಯಿ ತೀರಿಕೊಂಡಿದ್ದರು, ಮನೆಯಲ್ಲಿ ಇದ್ದವರು ಸೋದರತ್ತೆ ಮತ್ತು ಆಕೆಯ ಮಗಳು. ಮಗಳ ಗಂಡ ಪ್ಲೇಗಿನಲ್ಲಿ ಹೋಗಿದ್ದ. ಬೆಳಿಗ್ಗೆ ಸತ್ತವನನ್ನು ಬಿಸಿಲೇರುವ ಮೊದಲೇ ಮಣ್ಣು ಮಾಡಿದ್ದರು. ಮುಖವನ್ನೂ ಅವಳಿಗೆ ಸರಿಯಾಗಿ ತೋರಿಸಿರಲಿಲ್ಲ. ಆ ವರ್ಷಗಳಲ್ಲಿ ಎಲ್ಲರ ಮನೆಯಲ್ಲೂ ಹಾಗೆಯೇ ಆಗಿತ್ತು. ಪ್ಲೇಗು ಹೋದಮೇಲೂ ಆ ಅವಸರ ಊರಿನಲ್ಲಿ ಉಳಿದುಕೊಂಡಿತು. ಯಾರೇ ಸತ್ತರೂ ಬೇಗ ಬೇಗ ಮುಗಿಸುವುದು ರೂಢಿಯಾಯಿತು. ತಾಯಿ ಮಗಳು ಇಬ್ಬರೂ ಸೇರಿ ಒಂದು ಮಗ್ಗ ನಡೆಸುತ್ತಿದ್ದರು.

ಅತ್ತೆಗೆ ಕೆಲವು ತಿಂಗಳಿಂದ ಆಗಾಗ ಕಣ್ಣು ಕತ್ತಲೆ ಬಂದಂತಾಗುತ್ತಿತ್ತು. ಕೂತಲ್ಲೇ ಕುತ್ತಿಗೆ ವಾಲಿ, ಒಂದು ಕ್ಷಣದಲ್ಲಿ ಮತ್ತೆ ಎಚ್ಚರವಾಗುತ್ತಿತ್ತು. ಕೈಗೆ ಕಬ್ಬಿಣದ ಕೀಲಿ ಹಿಡಿಸುತ್ತಿದ್ದರು, ಮೂಗಿಗೆ ಉಳ್ಳಾಗಡ್ಡೆ ಹಿಡಿಯುತ್ತಿದ್ದರು. ಅಷ್ಟರಲ್ಲಿ ಹೇಗೂ ಎಚ್ಚರವಾಗುತ್ತಿದ್ದುದರಿಂದ ಕೀಲಿಗೂ ಉಳ್ಳಾಗಡ್ಡೆಗೂ ಒಳ್ಳೆಯ ಹೆಸರು ಬಂದಿತ್ತು.

ಆ ದಿನ ಆಕೆ ಮಗ್ಗದ ಮುಂದೆ ಕುಳಿತು, ಉದ್ದಕ್ಕೆ ಬಿಗಿದ ಎಳೆಗಳ ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ನೂಲನ್ನು ಎಳೆ ಎಳೆಯಾಗಿ ಹೊಸೆದು ಕೂಡಿಸುತ್ತಿದ್ದಳು. ನಾನು ಬಾಗಿಲ ಬಳಿ ಕುಳಿತಿದ್ದೆ.

"ಮುಂಬಯಿಗೆ ಹೋಗಿ ಏನ ಕಲತ ಬಂದಿ? ಕಪ್ಪಿ ಕೊಯ್ಯೋದು," ಎಂದಳು. "ಹೆಣ್ಣ ಕೇಳಾಕ ಹೋದಲ್ಲಿ ಹುಡುಗ ಏನ ಮಾಡ್ತಾನ ಅಂತ ಕೇಳ್ತಾರ. ನಾ ಏನ ಹೇಳ್ಲಿ? ಕಪ್ಪಿ..."

ಮಾತು ಅಲ್ಲಿಗೆ ನಿಂತಿತು. ಆಕೆ ಮುಂದಕ್ಕೆ, ಹಾಸಿನ ಮೇಲೆಯೇ ಬಿದ್ದಳು. ಮಗಳು ಮೊದಲು ನೂಲು ಹರಿಯಿತೆಂದು ಕೂಗಿದಳು, ಆಮೇಲೆ ತಾಯಿಯನ್ನು ನೋಡಿದಳು. ಕೀಲಿ ಹಿಡಿಸಿದರು. ಉಳ್ಳಾಗಡ್ಡೆ ಒಡೆದರು. ಈ ಸಲ ಎಚ್ಚರವಾಗಲಿಲ್ಲ. ಮುಖ ಬೂದಿಯ ಬಣ್ಣಕ್ಕೆ ತಿರುಗಿತು, ಕೈಕಾಲು ತಣ್ಣಗಾದವು. ನಾನು ವೈದ್ಯರನ್ನು ಹುಡುಕಿಕೊಂಡು ಪೇಟೆಗೆ ಓಡಿದೆ. ಅವರು ಊರಲ್ಲಿ ಇರಲಿಲ್ಲ.

ನಾನಿಲ್ಲದಾಗ ಓಣಿಯ ಹಿರಿಯ ಬಂದಿದ್ದ. ಸಾವನ್ನು ಸಾವೆಂದು ಹೇಳುವುದು ನಮ್ಮ ಓಣಿಯಲ್ಲಿ ಅವನ ಕೆಲಸ. ಮೊದಲು ಮಣಿಕಟ್ಟು ಹಿಡಿದು ಮೂರು ಸಲ ಶಿವನಾಮ ಹೇಳುತ್ತಾನೆ. ಅಷ್ಟು ಹೊತ್ತಿನಲ್ಲಿ ನಾಡಿ ಸಿಗದಿದ್ದರೆ ಎರಡನೆಯ ಪರೀಕ್ಷೆ. ರೇಷ್ಮೆಯ ಒಂಟಿ ಎಳೆಯನ್ನು ಮೂಗಿನ ಕೆಳಗೆ ತೂಗುಬಿಡುತ್ತಾನೆ. ರೇಷ್ಮೆ ಎಷ್ಟು ಹಗುರವೆಂದರೆ ನಿದ್ದೆಯಲ್ಲಿರುವ ಹಸುಗೂಸಿನ ಉಸಿರಿಗೂ ಓಲಾಡುತ್ತದೆ. ಎಳೆ ಅಲುಗದಿದ್ದರೆ ಮುಗಿಯಿತು. ನೇಕಾರರ ಓಣಿಯಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಯಾರೂ ಕೇಳುತ್ತಿರಲಿಲ್ಲ. ಅತ್ತೆಗೆ ಅವನು ಎರಡನ್ನೂ ಮಾಡಿದ. ನಾಡಿ ಸಿಗಲಿಲ್ಲ. ಎಳೆ ಅಲುಗಲಿಲ್ಲ.

ನಾನು ತಿರುಗಿ ಬರುವಾಗ ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಸಾವಿನ ಮನೆಯ ಓಣಿಯಲ್ಲಿ ಮಗ್ಗ ನಡೆಸುವುದಿಲ್ಲ. ಆ ಸದ್ದಿಲ್ಲದ ಓಣಿಯಲ್ಲಿ ನಡೆದುಬರುವಾಗಲೇ ನನಗೆ ವಿಷಯ ತಿಳಿದುಹೋಗಿತ್ತು. ಒಳಗೆ ಹೋದರೆ ಆಕೆಯನ್ನು ಕೂಡಿಸಿದ್ದರು.

ನಾನು ಅಳಲಿಲ್ಲ. ಎದುರಿಗೆ ಕುಳಿತು ನೋಡುತ್ತಿದ್ದೆ. ಆಕೆಯ ತಲೆ ಸ್ವಲ್ಪ ಎಡಕ್ಕೆ ವಾಲಿತ್ತು. ಗವಾಕ್ಷಿಯಿಂದ ಬಿಸಿಲಿನ ಕೋಲು ಕೊರಳಿನ ಮೇಲೆ ಓರೆಯಾಗಿ ಬಿದ್ದಿತ್ತು. ಲಿಂಗದ ದಾರದ ಮೇಲ್ಗಡೆ, ಕೊರಳ ಬಲಬದಿಯಲ್ಲಿ, ಚರ್ಮದ ಕೆಳಗೆ ಏನೋ ಹೊಯ್ದಾಡುತ್ತಿತ್ತು. ಬಹಳ ಸಣ್ಣದು. ನೀರಿನ ಮೇಲಿನ ಬೆಳಕಿನ ಹಾಗೆ, ಆದರೆ ಒಂದೇ ಸಮನಾದ ಲಯದಲ್ಲಿ. ನಾನು ಮಣಿಕಟ್ಟು ಹಿಡಿದೆ. ಏನೂ ಇರಲಿಲ್ಲ. ಕೊರಳಲ್ಲಿ ಮಾತ್ರ ಅದು ನಡೆದೇ ಇತ್ತು.

ಆಗ ನನಗೆ ಆ ಬಟ್ಟಲು ನೆನಪಾಯಿತು. ದಾರದ ಮೇಲಿನ ಭಾಗ ಮಿಡಿಯುತ್ತಿದೆ, ಕೆಳಗಿನದು ನಿಂತಿದೆ. ನಿಂತಿದೆಯೋ, ಅಥವಾ ತನ್ನ ನಿಧಾನದ ಲಯದಲ್ಲಿ ನಡೆಯುತ್ತಿದೆಯೋ?

"ತಡೀರಿ," ಎಂದೆ. "ಆಕಿನ್ನ ಮಲಗಸ್ರಿ."

ಹಿರಿಯ ನನ್ನ ಕಡೆ ನೋಡಿದ. "ತಮ್ಮಾ, ಸಂಕಟ ಎಲ್ಲಾರಿಗೂ ಆಗತೈತಿ. ಈಗ ಹಂಗ ಮಾತಾಡಬಾರದು."

"ಕೊರಳ ನೋಡ್ರಿ. ಮಿಡೀತೈತಿ."

"ಬಿಸಲ ಅದು. ಗಿಡದ ನೆರಳ ಆಡತೈತಿ." ಅವನು ಗವಾಕ್ಷಿಗೆ ಅಡ್ಡ ನಿಂತ. ಕೊರಳು ಕತ್ತಲೆಯಾಯಿತು, ಏನೂ ಕಾಣದಾಯಿತು. "ನೋಡಿದಿಲ್ಲೋ? ನಾ ಎಳಿ ಹಿಡದ ನೋಡೇನಿ. ನಾ ನೋಡಿದ ಮ್ಯಾಲೆ ಯಾರೂ ಹೊಳ್ಳಿ ಬಂದಿಲ್ಲ."

"ಬರಾಕ ನೀ ಬಿಟ್ಟರ ಅಲ್ಲೇನೋ," ಎಂದ ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಚಾಚಾ. ನಮ್ಮ ಮನೆಗೆ ಬೇಕಾದ ನೂಲಿಗೆಲ್ಲ ಬಣ್ಣ ಹಾಕುತ್ತಿದ್ದ ಮುಸಲ್ಮಾನ ಆತ. ಮೊಣಕೈ ತನಕ ನೀಲಿ. ಹಿರಿಯನಿಗೂ ಅವನಿಗೂ ಬಾಲ್ಯದಿಂದ ಸ್ನೇಹ, ಬಾಲ್ಯದಿಂದ ಜಗಳ. "ಹುಡುಗ ಒಂದ ಮಾತ ಹೇಳ್ತಾನ, ಕೇಳಿದರ ಏನ ಗಂಟ ಹೋಗತೈತಿ?"

ಅತ್ತೆಯ ಮಡಿಲಲ್ಲಿ ಆ ಎಳೆ ಇನ್ನೂ ಬಿದ್ದಿತ್ತು. ಮತ್ತೊಮ್ಮೆ ಹಿಡಿದು ನೋಡೋಣವೆಂದು ಅದನ್ನು ಎತ್ತಿಕೊಂಡೆ. ಬೆರಳಿಗೆ ಒರಟಾಗಿ ಹತ್ತಿತು. ತುದಿ ಹಿಡಿದು ಎತ್ತಿದರೆ ಬಾಗದೆ ಕಡ್ಡಿಯ ಹಾಗೆ ನೆಟ್ಟಗೆ ನಿಂತಿತು. ಹಿರಿಯ ಅವಸರದಲ್ಲಿ ಕೈಗೆ ಸಿಕ್ಕ ನೂಲನ್ನು ಎಳೆದುಕೊಂಡಿದ್ದ. ಅತ್ತೆ ಬಿದ್ದದ್ದು ಹಾಸಿನ ಮೇಲೆ, ಆಕೆಯ ಸುತ್ತ ಇದ್ದದ್ದೆಲ್ಲ ಹಾಸಿನ ಹತ್ತಿಯ ನೂಲು. ಹಾಸಿನ ನೂಲು ಮಗ್ಗದಲ್ಲಿ ಹರಿಯಬಾರದೆಂದು ಅದಕ್ಕೆ ಗಂಜಿ ಹಾಕಿ ಬಿಸಿಲಲ್ಲಿ ಒಣಗಿಸುತ್ತಾರೆ. ನಾನು ಅದನ್ನು ಚಾಚಾನ ಕೈಗೆ ಕೊಟ್ಟೆ. ಆತ ಬಾಯಿಂದ ಉಫ್ ಎಂದು ಊದಿದ. ನೂಲು ಅಲುಗಲಿಲ್ಲ.

"ಲೇ ಮುದುಕಾ," ಎಂದ ಹಿರಿಯನಿಗೆ, ದನಿ ಇಳಿಸಿ. "ಇದು ಗಂಜಿ ನೂಲೋ. ಬಿರುಗಾಳಿಗೂ ಅಳ್ಳಾಡಂಗಿಲ್ಲ."

ಹಿರಿಯ ಅದನ್ನು ಇಸಿದುಕೊಂಡು ತನ್ನ ಬೆರಳುಗಳ ನಡುವೆ ಹೊರಳಿಸಿದ. ಒಮ್ಮೆ ಅಲ್ಲ, ಹಲವು ಸಲ. ಆಮೇಲೆ ಗವಾಕ್ಷಿಯಿಂದ ಸರಿದು ನಿಂತ.

ಮಗಳು ಆಗಲೇ ತಾಯಿಯನ್ನು ಚಾಪೆಯ ಮೇಲೆ ಮಲಗಿಸಿದ್ದಳು. ಎದೆಗೆ ಕಿವಿ ಇಡು ಎಂದೆ. ಹಿರಿಯರ ಎದುರು ನಾನು ಅದನ್ನು ಮಾಡುವ ಹಾಗಿರಲಿಲ್ಲ. ಅವಳು ಕಿವಿ ಇಟ್ಟು ಕಣ್ಣು ಮುಚ್ಚಿದಳು. "ಕೇಳಿಸಿದರ ಕೈಯಿಂದ ನೆಲಾ ತಟ್ಟು," ಎಂದೆ.

ಓಣಿಯಲ್ಲಿ ಒಂದು ಮಗ್ಗದ ಸದ್ದೂ ಇರಲಿಲ್ಲ. ಬೇರೆ ಯಾವ ದಿನವಾಗಿದ್ದರೂ ಆ ಓಣಿಯಲ್ಲಿ ಎದೆಗೆ ಕಿವಿಯಿಟ್ಟು ಏನನ್ನೂ ಕೇಳಲು ಸಾಧ್ಯವಿರಲಿಲ್ಲ. ಅವಳ ಕೈ ನೆಲದ ಮೇಲೆ ಹಾಗೆಯೇ ಇತ್ತು. ಇಷ್ಟು ಹೊತ್ತು ಆದಮೇಲೆ ನನ್ನದೇ ತಪ್ಪೇನೋ ಎಂದು ಅನ್ನಿಸತೊಡಗಿತು. ಬಿಸಿಲೇ ಇರಬಹುದು, ನೆರಳೇ ಇರಬಹುದು. ಆಗ ಅವಳ ಕೈ ಒಮ್ಮೆ ನೆಲ ತಟ್ಟಿತು. ಮತ್ತೆ ಏನೂ ಇಲ್ಲ. ಮತ್ತೆ ತಟ್ಟಿತು. ಎರಡು ತಟ್ಟುಗಳ ನಡುವೆ ಹಿರಿಯನ ಮೂರು ಶಿವನಾಮವೇನು, ಐದಾರು ಶಿವನಾಮ ಹೇಳಿ ಮುಗಿಸಬಹುದಾಗಿತ್ತು.

ಚಾಚಾ ಹೊರಗೆ ಓಡಿದ. ಗುಂಡಿ ತೆಗೆಯುವವರನ್ನು ನಿಲ್ಲಿಸಲು ಹೋದನೆಂದು ಆಮೇಲೆ ಗೊತ್ತಾಯಿತು.

ಕಾಲನ್ನು ಎತ್ತರಕ್ಕಿಟ್ಟೆವು, ಕಂಬಳಿ ಹೊದಿಸಿದೆವು, ಅಂಗಾಲು ತಿಕ್ಕಿದೆವು. ಸ್ನಾನಕ್ಕೆಂದು ಕಾಯಿಸಿದ್ದ ನೀರನ್ನು ತಂಬಿಗೆಯಲ್ಲಿ ತುಂಬಿ ಪಾದದ ಬಳಿ ಇಟ್ಟರು. ಮಗಳ ಕೈ ಸ್ವಲ್ಪ ಸ್ವಲ್ಪವಾಗಿ ಬೇಗ ತಟ್ಟತೊಡಗಿತು. ಬಿಸಿಲ ಕೋಲು ಗೋಡೆ ಹತ್ತುವ ಹೊತ್ತಿಗೆ ಅತ್ತೆ ಕಣ್ಣು ತೆರೆದಳು. ಮೊದಲು ಕೇಳಿದ್ದು ಇದು:

"ಯಾಕ ಎಲ್ಲಾರೂ ಮಗ್ಗ ನಿಲ್ಲಸ್ಯಾರ?"

ಆಕೆ ಸುತ್ತ ನೆರೆದವರನ್ನು ನೋಡಿದಳು. "ಯಾರ ಹೋದ್ರು?"

ಓಡಿ ಬಂದು ಏದುಸಿರು ಬಿಡುತ್ತಿದ್ದ ಚಾಚಾ ಹೊಸ್ತಿಲಿನಿಂದ ಹೇಳಿದ: "ಯಾರೂ ಇಲ್ಲಬೇ ಅಕ್ಕಾ. ಹೊಂಟವರೊಬ್ಬರು ಹೊಳ್ಳಿ ಬಂದ್ರು."

ಆಕೆ ತನ್ನ ತೋಳಿನ ವಿಭೂತಿಯನ್ನು ನೋಡಿಕೊಂಡಳು. ಆಮೇಲೆ ಹಿರಿಯನನ್ನು ನೋಡಿದಳು. ಅವನು ಗೋಡೆಯ ಕಡೆ ತಿರುಗಿ ನಿಂತಿದ್ದ.

ಮರುದಿನ ಬೆಳಿಗ್ಗೆ ನಾನು ಒಬ್ಬನೇ ಆ ಗುಂಡಿಯನ್ನು ನೋಡಲು ಹೋದೆ. ಹೋಗಬಾರದಾಗಿತ್ತು. ಅರ್ಧಕ್ಕಿಂತ ಹೆಚ್ಚು ತೆಗೆದಿದ್ದರು. ಒಳಗೆ ಒಂದು ಬದಿಗೆ ಕುಳಿತವರು ಹಿಡಿಸುವಷ್ಟು ಗೂಡು ಕೊರೆಯಲು ಶುರು ಮಾಡಿದ್ದರು. ಗೋಡೆಯಲ್ಲಿ ಸಲಿಕೆಯ ಗುರುತುಗಳು ಸ್ಪಷ್ಟವಾಗಿದ್ದವು. ಮಣ್ಣು ಹಸಿಯಾಗಿತ್ತು. ಆಕೆಗೆ ಎಚ್ಚರವಾದ ಹೊತ್ತಿಗೆ ಸರಿಯಾಗಿ ಎಲ್ಲಿ ಇರುತ್ತಿದ್ದಳು ಎಂದು ಲೆಕ್ಕ ಹಾಕಿದೆ. ಬದಿಯ ಕಲ್ಲಿನ ಮೇಲೆ ಕುಳಿತೆ. ಹಿಂದಿನ ದಿನ ಒಂದು ಕ್ಷಣವೂ ಅಂಜದವನಿಗೆ ಅಲ್ಲಿಂದ ಏಳಲು ಬಹಳ ಹೊತ್ತು ಹಿಡಿಯಿತು.

ವಾರ ಕಳೆದ ಮೇಲೆ ಚಕ್ಕಡಿ ಕಟ್ಟಿ ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಒಂದು ಕೈಯಿಂದ ನಾಡಿ ಹಿಡಿದು ಕಣ್ಣನ್ನು ಕೊರಳ ಮೇಲೆ ಇಟ್ಟರು.

"ಕೈಯಾಗ ಒಂದ ತಾಳ, ಕೊರಳಾಗ ಒಂದ ತಾಳ," ಎಂದರು. "ಮ್ಯಾಲಿನ ಕೋಣಿ ಹೇಳಿದ್ದು ಕೆಳಗಿನ ಕೋಣಿಗೆ ಮುಟ್ಟವಲ್ದು. ನಡುವಿನ ದಾರಿ ಕೆಟ್ಟೈತಿ."

"ಔಷಧ?" ಎಂದೆ.

"ವಿಶ್ರಾಂತಿ ಅಂತ ಬರದ ಕೊಡ್ತೇನಿ. ಮನಿಗೆ ಹೋದ ಕೂಡ್ಲೆ ಮಗ್ಗಕ್ಕ ಕುಂದರ್ತಾರ, ಅದೂ ಗೊತ್ತೈತಿ."

"ಮತ್ತ ಹಂಗ ಬಿದ್ದರ?"

ಅವರು ಕೈ ತೊಳೆದುಕೊಳ್ಳುತ್ತ ಹೇಳಿದರು: "ಬೀಳ್ತಾರ. ಒಮ್ಮೆ ಏಳಂಗಿಲ್ಲ. ಯಾವಾಗ ಅಂತ ನಾ ಹೇಳಾಕ ಬರೂದಿಲ್ಲ."

ಈಚೆಗೆ ಹೃದಯದ ಮೇಲೆ ಬಂದ ಒಂದು ಪುಸ್ತಕ ಓದಿದೆ. ಪ್ರೊಫೆಸರಿಗೂ ಡಾಕ್ಟರಿಗೂ ಗೊತ್ತಿಲ್ಲದಿದ್ದ ಸಂಗತಿಗಳು ಅದರಲ್ಲಿವೆ. ಮೇಲಿನ ಆ ಗಂಟಿನ ಜೀವಕೋಶಗಳಿಗೆ ವಿರಾಮವೇ ಇಲ್ಲ. ಉಳಿದ ಮಾಂಸಕೋಶಗಳು ಕರೆ ಬರುವ ತನಕ ಸುಮ್ಮನಿರುತ್ತವೆ, ಇವು ಹಾಗಲ್ಲ. ಉಪ್ಪಿನ ಕಣಗಳು ವಿದ್ಯುತ್ತನ್ನು ಹೊತ್ತು ಕೋಶದ ಗೋಡೆಯಿಂದ ಒಳಕ್ಕೆ ಸ್ವಲ್ಪ ಸ್ವಲ್ಪವಾಗಿ ಜಿನುಗುತ್ತಿರುತ್ತವೆ. ಲಿಂಗದ ಮೇಲೆ ತೂಗುಬಿಟ್ಟ ಧಾರಾಪಾತ್ರೆಯ ತಳದಲ್ಲಿ ಹನಿ ಹೇಗೆ ದಪ್ಪವಾಗುತ್ತ ಬರುತ್ತದೋ ಹಾಗೆ. ಒಂದು ಅಳತೆ ಮುಟ್ಟಿದ ಕೂಡಲೇ ಹನಿ ಕಳಚಿ ಬೀಳುತ್ತದೆ; ಅದೇ ಬಡಿತ. ಬಿದ್ದ ಕ್ಷಣದಿಂದಲೇ ಮುಂದಿನ ಹನಿ ಕಟ್ಟತೊಡಗುತ್ತದೆ. ಕೆಳಗಿನ ಕೋಣೆಗಳಲ್ಲಿಯೂ ಇಂಥ ಕೋಶಗಳಿವೆ, ಆದರೆ ಅವುಗಳ ಹನಿ ಬಹಳ ನಿಧಾನವಾಗಿ ಕಟ್ಟುತ್ತದೆ. ಮೇಲಿನ ಬಡಿತ ಪ್ರತಿಸಲ ಮೊದಲೇ ಬಂದುಬಿಡುವುದರಿಂದ ಅವುಗಳ ಸರದಿ ಬರುವುದೇ ಇಲ್ಲ. ದಾರಿ ಕಡಿದುಹೋದಾಗ ಮಾತ್ರ ಅವು ತಾವೇ ನಡೆಯಬೇಕು. ರೂಢಿಯಿಲ್ಲದ ಕೆಲಸವಾದ್ದರಿಂದ ಶುರುಮಾಡಲು ಹೊತ್ತು ಹಿಡಿಯುತ್ತದೆ. ಈಗ ಎದೆಯೊಳಗೆ ಸಣ್ಣ ಯಂತ್ರ ಇಟ್ಟು ಕೆಳಗಿನ ಕೋಣೆಗೆ ಅದರಿಂದಲೇ ವಿದ್ಯುತ್ತು ಕೊಡುತ್ತಾರಂತೆ.

ಬಾಗಲಕೋಟೆಯಿಂದ ತಿರುಗಿ ಬರುವಾಗ ಅತ್ತೆ ಚಕ್ಕಡಿಯಲ್ಲಿ ಹುಲ್ಲಿನ ಮೇಲೆ ಮಲಗಿದ್ದಳು. ಹುನಗುಂದ ದಾಟಿದೆವು. ಆಮೇಲೆ ಕೇಳಿದಳು:

"ನೀ ಇರದಿದ್ದರ ನನ್ನ ಹುಗೀತಿದ್ರು, ಹೌದಿಲ್ಲೋ?"

"ಹೌದು," ಎಂದೆ.

"ಸಾಯಾಕ ನನಗ ಅಂಜಿಕಿ ಇಲ್ಲ. ಒಳಗ ಕಣ್ಣ ತೆರದರ ಏನ ಮಾಡ್ಲಿ ಅಂತ ಅಂಜಿಕಿ." ಹುಲ್ಲಿನ ಮೇಲೆ ಮಗ್ಗುಲಾಗಿ ಮತ್ತೆ ಕೇಳಿದಳು: "ಮುಂದಿನ ಸಲ ಎಷ್ಟ ಹೊತ್ತ ಕಾಯ್ಬೇಕಂತ? ನಿನ್ನ ಪುಸ್ತಕದಾಗ ಬರದಾರೇನು?"

ಬರೆದಿರಲಿಲ್ಲ. ಹಾಗೆಂದು ಹೇಳಿದೆ.

ಮಗಳು ತಾಯಿಯ ಕಾಲ ಬಳಿ ಕುಳಿತಿದ್ದಳು. "ನಾ ಕಾಯ್ತೇನಿ ಬಿಡಬೇ," ಎಂದಳು. "ನಾ ಹೂಂ ಅನ್ನೂತನಕ ಯಾರೂ ನಿನ್ನ ಮುಟ್ಟಂಗಿಲ್ಲ."

"ಓಣ್ಯಾನ ಮಂದಿ ಕೇಳ್ತಾರೇನು ನಿನ್ನ ಮಾತ?"

"ಕೇಳಲಿಲ್ಲಂದ್ರ ಬಾಗಲಾ ಹಾಕ್ಕೋತೇನಿ."

ಅತ್ತೆ ನಕ್ಕಳು. ಆದರೆ ಮನೆಗೆ ಬಂದ ದಿನವೇ ಹಿರಿಯನನ್ನು ಕರೆಸಿ, ಮಗಳು ಹೇಳುವ ತನಕ ತನ್ನನ್ನು ಕೂಡಿಸಕೂಡದು ಎಂದು ಅವನಿಂದ ಲಿಂಗ ಮುಟ್ಟಿಸಿ ಮಾತು ತೆಗೆದುಕೊಂಡಳು. ಅವನು ಮಾತು ಕೊಟ್ಟ. ಹೋಗುವಾಗ ಅಂಗಳದಲ್ಲಿ ನನ್ನ ಮುಂದೆ ಕೈ ಚಾಚಿ ತೋರಿಸಿದ.

"ಹುಟ್ಟಿದಾಗಿಂದ ನೂಲ ಹಿಡದ ಕೈ ಇದು ತಮ್ಮಾ. ನನಗ ತಿಳೀಲಿಲ್ಲಲ್ಲೋ."

ಅದಾದ ಮೇಲೆ ಅವನು ಯಾರ ಮನೆಯಲ್ಲೂ ಎಳೆ ಹಿಡಿಯಲಿಲ್ಲ. ಆ ಕೆಲಸಕ್ಕೆ ಬೇರೆಯವರೂ ಮುಂದೆ ಬರಲಿಲ್ಲ.

ಅತ್ತೆ ಇನ್ನೂ ಎರಡು ಮಳೆಗಾಲ ಕಂಡಳು. ನಿಧಾನ ನಡೆದಳು, ನಿಧಾನ ಮಾತಾಡಿದಳು, ಮಗ್ಗಕ್ಕೂ ಕುಳಿತಳು. ನಡುನಡುವೆ ಬಿದ್ದಳು, ಎದ್ದಳು. ಬಿದ್ದಾಗಲೆಲ್ಲ ಮಗಳು ಎದೆಗೆ ಕಿವಿಯಿಟ್ಟು ಕುಳಿತಿರುತ್ತಿದ್ದಳು. ಓಣಿಯ ಹೆಂಗಸರು ಅದಕ್ಕೆ ಹೊಂದಿಕೊಂಡರು, ಹಾದುಹೋಗುವವರು ಕಿಟಕಿಯಿಂದ "ನಡದೈತೇನ?" ಎಂದು ಕೇಳುತ್ತಿದ್ದರು, ಗಡಿಯಾರ ಕೇಳಿದ ಹಾಗೆ.

ಕೊನೆಯ ಸಲ ನಾನು ಹುನಗುಂದದಲ್ಲಿದ್ದೆ. ಸುದ್ದಿ ಬಂದ ಕೂಡಲೇ ಹೊರಟು, ಬಿಸಿಲು ಇಳಿಯುವ ಹೊತ್ತಿಗೆ ಮನೆ ಮುಟ್ಟಿದೆ. ಅಂಗಳದಲ್ಲಿ ಹಿರಿಯ, ಚಾಚಾ, ಓಣಿಯವರು ಕುಳಿತಿದ್ದರು. ಯಾರೂ ಸಲಿಕೆ ಮುಟ್ಟಿರಲಿಲ್ಲ. ಒಳಗೆ ಅತ್ತೆ ಚಾಪೆಯ ಮೇಲೆ ಮಲಗಿದ್ದಳು. ಮಗಳು ಬೆಳಗಿನಿಂದ ಅದೇ ಭಂಗಿಯಲ್ಲಿ ಇದ್ದಳು. ಅವಳ ಕೆನ್ನೆಯ ಮೇಲೆ ತಾಯಿಯ ಸೀರೆಯ ಅಂಚಿನ ಗುರುತು ಒತ್ತಿತ್ತು.

"ನೀನೂ ನೋಡು," ಎಂದಳು.

ಕೊರಳನ್ನು ಬೆಳಕಿಗೆ ತಿರುಗಿಸಿ ನೋಡಿದೆ. ಏನೂ ಇರಲಿಲ್ಲ. ಈ ಸಲ ನಾನೇ ಎದೆಗೆ ಕಿವಿಯಿಟ್ಟೆ, ಯಾರೂ ಬೇಡವೆನ್ನಲಿಲ್ಲ. ನನ್ನ ಕಿವಿಯಲ್ಲಿ ನನ್ನದೇ ರಕ್ತದ ಸದ್ದು ಕೇಳಿಸಿತು. ಅದು ನನ್ನದೇ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮೈ ಸೆಟೆಯತೊಡಗಿತ್ತು. ಅಷ್ಟು ಸಾಕಾಗಿತ್ತು. ಆದರೆ ನಾನು ಹೇಳಲಿಲ್ಲ. ಹೇಳುವ ಅಧಿಕಾರ ಅಂದು ಚಕ್ಕಡಿಯಲ್ಲಿಯೇ ಅವಳಿಗೆ ಹೋಗಿತ್ತು.

"ಇನ್ನೊಂದ ಸ್ವಲ್ಪ ಕಾಯೋಣು," ಎಂದಳು. ಕಾದೆವು. ಅವಳು ಮತ್ತೆ ಕಿವಿಯಿಟ್ಟಳು, ತೆಗೆದಳು, ತಾಯಿಯ ಬೆರಳುಗಳನ್ನು ಒಂದೊಂದಾಗಿ ಮಡಿಸಲು ನೋಡಿದಳು. ಅವು ಮಡಿಯಲಿಲ್ಲ. ಆಮೇಲೆ ಎದ್ದು ಸೆರಗು ಸರಿಮಾಡಿಕೊಂಡು ಹೊಸ್ತಿಲಿಗೆ ಬಂದು ನಿಂತಳು.

"ಈಗ ಕುಂದರಸ್ರಿ," ಎಂದಳು.

ಹಿರಿಯ ಏಳಲಿಲ್ಲ. ಅವಳು ಇನ್ನೊಮ್ಮೆ ಹೇಳಬೇಕಾಯಿತು.